ರಾಯರ ದ್ವೀಪ ಸಂಶೋಧನೆ

ಮೇ ತಿಂಗಳ ರಜೆಗೆ ಯಾವುದಾದರೂ ದ್ವೀಪಕ್ಕೆ ಹೋಗೋಣ ಎಂದು ಹೆಂಡತಿ ಅಂದದ್ದೇ ತಡ, ಮೈಸೂರಿನ ರಾಯರು ಹವಾಮಾನ ತಜ್ಞರಾಗಿಬಿಟ್ಟರು. ಊಟದ ಮೇಜಿನ ತುಂಬ ನಕ್ಷೆ ಹರಡಿದ್ದರಿಂದ ಮನೆಮಂದಿಯೆಲ್ಲ ನೆಲದ ಮೇಲೆ ತಟ್ಟೆ ಇಟ್ಟುಕೊಂಡರು.

ಮೊದಲು ಮನಸೋತದ್ದು ಅಂಡಮಾನಿನ ರಾಧಾನಗರ ತೀರದ ಬಿಳಿ ಮರಳಿಗೆ. ಆದರೆ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳಲ್ಲೇ ಅಲ್ಲಿಗೆ ಬಂದಿಳಿಯುತ್ತದೆ. "ನಮಗಿಂತ ಮುಂಚೆ ಮಳೆಯೇ ಟಿಕೆಟ್ ಮಾಡಿಸಿಬಿಟ್ಟಿದೆ ಕಣೇ!" ಎಂದು ರಾಯರು ಅದನ್ನು ಹೊಡೆದುಹಾಕಿದರು. ಮಾಲ್ಡೀವ್ಸ್‌ನಲ್ಲಿ ಒಣಹವೆ ಏಪ್ರಿಲ್‌ಗೇ ಮುಗಿಯುತ್ತದೆ. ಸಾಲದ್ದಕ್ಕೆ, ಆ ದೇಶದ ಅತಿ ಎತ್ತರದ ನೈಸರ್ಗಿಕ ನೆಲವೇ ಸಮುದ್ರಮಟ್ಟದಿಂದ ಸುಮಾರು 2.4 ಮೀಟರ್ ಎಂದು ಓದಿದ್ದೇ, ಈಜು ಬಾರದ ರಾಯರು ತಾರಸಿ ಹತ್ತಿ ಕುಳಿತರು.

ಮಾರಿಷಸ್‌ನಲ್ಲಿ ಜೂನ್-ಜುಲೈ ಚಳಿಗಾಲವೆಂದು ತಿಳಿದಾಗ ಬೀರುವಿನಿಂದ ಮಫ್ಲರ್ ಹೊರಬಂತು. ಅಲ್ಲಿಯ ಚಳಿಗಾಲದ ಹಗಲು 24 ಡಿಗ್ರಿ ಆಸುಪಾಸು ಎಂದು ಮಗಳು ಹೇಳಿದ ಮೇಲೆ ಸದ್ದಿಲ್ಲದೆ ಒಳಹೋಯಿತು.

ಸಮಭಾಜಕ ವೃತ್ತದ ಆಚೆಗಿನ ಬಾಲಿಯಲ್ಲಂತೂ ಲೆಕ್ಕವೇ ತಲೆಕೆಳಗು: ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಮೇ ತಿಂಗಳಲ್ಲಿ ಬಿಸಿಲು. ಶ್ರೀಲಂಕಾ ಇನ್ನೂ ಚಾಲಾಕಿ. ಮುಂಗಾರು ನೈರುತ್ಯದ ಬೆಂತೋಟವನ್ನು ತೋಯಿಸುವಾಗ ಪೂರ್ವದ ತ್ರಿಂಕೋಮಲಿ ಒಣಗಿರುತ್ತದೆ. ಡಿಸೆಂಬರ್ ಹೊತ್ತಿಗೆ ಅದಲುಬದಲು.

"ಹಾಗಾದ್ರೆ ಒಂದು ಕಡೆ ಗಟ್ಟಿ ಮಾಡ್ರೀ," ಎಂದರು ಹೆಂಡತಿ.

"ಇರೇ, ಇನ್ನೂ ಗಾಳಿಯ ದಿಕ್ಕು ನೋಡಿಲ್ಲ!"

ಮೇ ತಿಂಗಳಲ್ಲಿ ಹೊರಡುವವರು ಬಾಲಿಯನ್ನೋ ತ್ರಿಂಕೋಮಲಿಯನ್ನೋ ನೋಡಿಕೊಳ್ಳಿ, ಅಂಡಮಾನ್ ಜನವರಿಗೆ ಇರಲಿ. ಟಿಕೆಟ್ ಮಾತ್ರ ಮನೆಯ ಸಂಶೋಧಕರಿಗೆ ತಿಳಿಸದೆ ತೆಗೆಸಿಬಿಡಿ.