ಕಾಂಪೌಂಡಿನ ಆಚೆ ಸೆಕೆ, ಈಚೆ ಸಲಹೆ

ಮೈಸೂರಿನವರಿಗೆ ಹಿಂದೆ ಒಂದು ಜಂಬವಿತ್ತು, ನಮ್ಮೂರಲ್ಲಿ ಫ್ಯಾನೇ ಬೇಡ ಅಂತ. ಆಮೇಲೆ ಫ್ಯಾನು ಬಂತು, ಜಂಬ ಹೋಯಿತು. ಈಗ ಏಪ್ರಿಲ್ ಬಂದರೆ ಮನೆಮನೆಯಲ್ಲೂ ಎ.ಸಿ. ಮಾತು. ಅಂಥದ್ದರಲ್ಲಿ ನಮ್ಮ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು ಚಿಕಾಗೋದ ಮಗಳ ಮನೆಯಿಂದ ವಾಪಸ್ ಬಂದು, ಕಾಂಪೌಂಡಿಗೆ ಮೊಣಕೈ ಊರಿ ಘೋಷಿಸಿಬಿಟ್ಟರು: "ರಾಯರೇ, ಇಡೀ ಮನೆಗೆ ಒಂದೇ ಸಿಸ್ಟಂ ಹಾಕಿಸ್ತೀನಿ. ಚಳಿಗೆ ಬಿಸಿ, ಬೇಸಿಗೆಗೆ ತಂಪು. ಅಲ್ಲಿ ನೆಲಮಾಳಿಗೆಯಲ್ಲಿ ಒಂದು ಗ್ಯಾಸಿನ ಒಲೆ, ಅದರ ಮೇಲೆ ಎ.ಸಿ. ಕಾಯಿಲ್ಲು, ಅಲ್ಲಿಂದ ಪ್ರತಿ ರೂಮಿಗೂ ಗಾಳಿ ಕೊಳವೆ. ಹಾಲಲ್ಲಿ ಒಂದು ಬಟನ್ ಒತ್ತಿದರೆ ಮುಗೀತು."

ಪುಕ್ಕಟೆ ಸಲಹೆ ಕೊಡೋಕೆ ಇದಕ್ಕಿಂತ ಒಳ್ಳೆ ಸಂದರ್ಭ ಸಿಗುತ್ತದೆಯೇ? ಪೇಪರ್ ಮಡಿಸಿ ಎದ್ದುಬಂದೆ.

"ಮೇಷ್ಟ್ರೇ, ಅಲ್ಲಿ ಚಳಿಗಾಲದಲ್ಲಿ ಮೈನಸ್ 20 ಡಿಗ್ರಿಗೆ ಇಳಿಯೋದೂ ಉಂಟು. ಬಿಸಿ ನಿಂತರೆ ಪೈಪಿನೊಳಗೇ ನೀರು ಹೆಪ್ಪುಗಟ್ಟಿ ಪೈಪ್ ಒಡೆದುಹೋಗುತ್ತೆ. ಅದಕ್ಕೇ ಮರದ ಗೋಡೆಯೊಳಗೆ ನಾರು ತುಂಬಿ, ಕಿಟಕಿಗೆ ಎರಡು ಪದರ ಗಾಜು ಹಾಕಿ, ಮನೆಯನ್ನ ಬಿಗಿಯಾಗಿ ಮುಚ್ಚಿರ್ತಾರೆ. ನಿಮ್ಮ ಮನೇಲಿ ಪ್ರತಿ ಕಿಟಕಿ ಮೇಲೂ ವೆಂಟಿಲೇಟರ್. ಹೂವಿನವಳು, ಹಾಲಿನವನು, ನಾನು ಅಂತ ಮುಂಬಾಗಿಲು ಮುಚ್ಚೋದು ರಾತ್ರಿ ಹತ್ತಕ್ಕೆ. ಇಡೀ ಮನೆ ತಂಪು ಮಾಡೋಕೆ ಹೋದರೆ ಕುವೆಂಪುನಗರ ಪೂರ್ತಿ ತಂಪು ಮಾಡಬೇಕಾಗುತ್ತೆ. ಚಳಿಗೋ, ಡಿಸೆಂಬರ್‌ನಲ್ಲಿ ನಮಗೆ 15-16 ಡಿಗ್ರಿ. ಅದಕ್ಕೆ ನಿಮ್ಮ ಮಂಕಿ ಟೋಪಿ ಸಾಕು."

"ಹಾಗಾದರೆ ಏನು ಹಾಕಿಸಲಿ?"

"ಸೆಕೆ ಆಗೋದು ಎಲ್ಲಿ?"

"ಮಹಡಿ ರೂಮಲ್ಲಿ. ರಾತ್ರಿ ಹನ್ನೊಂದಾದರೂ ತಾರಸಿ ಕೈ ಮುಟ್ಟೋ ಹಾಗಿಲ್ಲ."

ಇಲ್ಲೇ ಇರೋದು ವಿಷಯ. ಎ.ಸಿ. ತಂಪನ್ನು ತಯಾರಿಸುವ ಯಂತ್ರವಲ್ಲ. ಬಾವಿಯಿಂದ ನೀರು ಸೇದಿದ ಹಾಗೆ ಕೋಣೆಯ ಶಾಖವನ್ನು ಸೇದಿ ಹೊರಗೆ ಸುರಿಯುತ್ತದೆ. ಒಳಗೆ ಎಷ್ಟು ಬರುತ್ತಿದೆ ಅಂತ ನೋಡದೆ ಎಷ್ಟು ಸೇದಬೇಕು ಅನ್ನುವುದು ಹೇಗೆ? ಆರ್.ಸಿ.ಸಿ. ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕೋಣೆಗೆ ಉಗುಳುತ್ತದೆ. ಮೊದಲು ತಾರಸಿಗೆ ಸುಣ್ಣವೋ ಬಿಳಿ ಬಣ್ಣವೋ ಬಳಿಸಿ ಅಂದೆ. ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಡೆ ಬಿದಿರಿನ ತಟ್ಟಿ ವಾಸಿ. ಬಿಸಿಲು ಗಾಜು ದಾಟಿ ಬಂದಮೇಲೆ ತಡೆದು ಏನು ಪ್ರಯೋಜನ? ಇಷ್ಟು ಮಾಡಿ ಒಂದು ವಾರ ನೋಡಿ. ಆಮೇಲೂ ನಿದ್ದೆ ಬರದಿದ್ದರೆ ಅಂಗಡಿಗೆ ಹೋಗೋಣ.

"ಅಂಗಡಿಯವನು ಒಂದೂವರೆ ಟನ್ ತಗೊಳ್ಳಿ ಅಂದ."

"ರೂಮು ನೋಡಿದ್ದಾನಾ?"

"ಇಲ್ಲ. ನನ್ನನ್ನ ನೋಡಿದ."

ಈ ಟನ್ ಅನ್ನೋದು ಮಂಜುಗಡ್ಡೆಯೇ ಎ.ಸಿ.ಯಾಗಿದ್ದ ಕಾಲದ ಅಳತೆ. ಅಮೆರಿಕದವರು ಬಾಸ್ಟನ್ ಕಡೆಯ ಕೊಳಗಳಲ್ಲಿ ಗಡ್ಡೆ ಕೊಯ್ದು, ಹಡಗಿಗೆ ತುಂಬಿ ಮದ್ರಾಸಿಗೆ ತಂದು ಮಾರುತ್ತಿದ್ದರು. ಅದನ್ನಿಡಲು ಕಟ್ಟಿದ ಐಸ್ ಹೌಸ್ ಇಂದಿಗೂ ಮರೀನಾ ಬೀಚಿನ ಎದುರು ಇದೆ. ಅವರ ಲೆಕ್ಕದ ಒಂದು ಟನ್, ಅಂದರೆ 907 ಕಿಲೋ ಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೀರುವ ಯಂತ್ರ ಒಂದು ಟನ್ನಿನದು. ಸುಮಾರು ಮೂರೂವರೆ ಕಿಲೋವಾಟ್. ಹತ್ತಡಿ-ಹನ್ನೆರಡಡಿ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ಅದೇ ಕೋಣೆ ಕಾದ ತಾರಸಿಯ ಕೆಳಗಿದ್ದು ಪಡುವಣ ಗೋಡೆಯೂ ಇದ್ದರೆ ಒಂದೂವರೆ ಬೇಕಾಗುತ್ತದೆ. ಆ ಅರ್ಧ ಟನ್ನನ್ನು ಸುಣ್ಣದ ಬಕೆಟ್ಟೇ ಉಳಿಸಿಕೊಡಬಹುದು.

"ಫೈವ್ ಸ್ಟಾರೋ ತ್ರೀ ಸ್ಟಾರೋ?"

"ಲೆಕ್ಕದ ಮೇಷ್ಟ್ರು ನನ್ನ ಕೇಳ್ತೀರಲ್ಲ! ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರ್ತಾರೆ. ಅದು 1600 ಗಂಟೆ ಓಡಿಸಿದರೆ. ನೀವು ಮೂರು ತಿಂಗಳು, ರಾತ್ರಿ ಎಂಟು ಗಂಟೆ ಹಾಕ್ತೀರಿ."

"720 ಗಂಟೆ," ಅಂದರು ಮೇಷ್ಟ್ರು ತಕ್ಷಣ.

"ಎರಡು ಲೇಬಲ್ಲಿನ ನಡುವೆ 250 ಯೂನಿಟ್ ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ನಿಮಗೆ ಉಳಿಯೋದು?"

"ನೂರಾ ಹನ್ನೆರಡು, ಹದಿಮೂರು."

"ಅದನ್ನ ಯೂನಿಟ್ ದರದಿಂದ ಗುಣಿಸಿ, ಅಂಗಡಿಯವನು ಫೈವ್ ಸ್ಟಾರಿಗೆ ಹೆಚ್ಚಿಗೆ ಕೇಳೋ ಹಣದ ಪಕ್ಕ ಇಡಿ. ರಾಯಚೂರಲ್ಲಿ ಹಗಲೂ ರಾತ್ರಿ ಓಡಿಸೋವರಿಗೆ ಫೈವ್ ಸ್ಟಾರೇ ಸರಿ. ನಿಮಗೆ ತ್ರೀ ಸ್ಟಾರ್ ಇನ್ವರ್ಟರ್ ಸಾಕು."

ಮೇಷ್ಟ್ರ ಮುಖ ಅರಳಿತು. ಅರಳಿದ್ದು ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ನಾನು ಗೃಹಜ್ಯೋತಿಯ ಮಾತು ಎತ್ತಿದೆ. ಅವರ ಮನೆಯಲ್ಲಿ ತಿಂಗಳಿಗೆ 130 ಯೂನಿಟ್ ಉರಿಯುತ್ತದೆ, ಸರ್ಕಾರದ ಈ ಯೋಜನೆಯಿಂದ ಬಿಲ್ಲು ಸೊನ್ನೆ. ಗಂಟೆಗೆ ಅರ್ಧ ಯೂನಿಟ್ ಅಂದರೂ ಎ.ಸಿ. ತಿಂಗಳಿಗೆ 120 ಸೇರಿಸುತ್ತದೆ. ಒಟ್ಟು 250. ಆದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. "ಅದಕ್ಕೇ 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಾಕಿ, ನಾಲ್ಕು ಗಂಟೆಗೆ ಆಫ್ ಆಗೋ ಹಾಗೆ ಟೈಮರ್ ಇಡಿ. ಸರ್ಕಾರವೂ 2020ರಿಂದ ಹೊಸ ಎ.ಸಿ.ಗಳೆಲ್ಲ ಆನ್ ಮಾಡಿದಾಗ 24ಕ್ಕೇ ನಿಲ್ಲಬೇಕು ಅಂತ ಮಾಡಿದೆ. 18ಕ್ಕೆ ಇಟ್ಟು ರಗ್ಗು ಹೊದೆಯೋದಕ್ಕೆ ಯಾಕೆ ದುಡ್ಡು?"

ಒಳಗಿನಿಂದ ಮೇಷ್ಟ್ರ ಮನೆಯ ಅಮ್ಮಾವ್ರು ಬಂದರು. "ಕಲಬುರಗೀಲಿ ನನ್ನ ತಂಗಿ ಕೂಲರ್‌ನಲ್ಲೇ ಬೇಸಿಗೆ ಕಳೀತಾಳೆ. ನಮಗೂ ಅದೇ ಸಾಕಲ್ವಾ?"

"ಅಲ್ಲಿ ಒಣಗಾಳಿ ಅಮ್ಮ. ನೀರು ಬೇಗ ಆವಿಯಾಗುತ್ತೆ, ಗಾಳಿ ತಣ್ಣಗಾಗುತ್ತೆ. ಮಂಗಳೂರಲ್ಲಿ ಇಟ್ಟರೆ ಮೈ ಇನ್ನಷ್ಟು ಅಂಟು. ನಮ್ಮೂರಲ್ಲಿ ಮಾರ್ಚ್‌ಗೆ ಆಗುತ್ತೆ, ಮಳೆಮೋಡ ಕಟ್ಟಿದ ಮೇಲೆ ಆಗಲ್ಲ. ಕಿಟಕಿ ತೆಗೆದೇ ಇಡಬೇಕು, ಸೊಳ್ಳೆ ಬರುತ್ತೆ."

"ಸರಿ, ತಂಪಿನ ಮಾತು ಮುಗೀತು. ಸ್ನಾನದ ನೀರಿಗೆ ಏನು?"

ಅಮ್ಮಾವ್ರು ಕೇಳಿದ್ದೇ ನಮ್ಮೂರಿನ ನಿಜವಾದ ಬಿಸಿಯ ಪ್ರಶ್ನೆ. ನಮಗೆ ಕೋಣೆ ಬಿಸಿ ಬೇಡ, ಎರಡು ಬಕೆಟ್ ನೀರು ಬೇಕು. ತಾರಸಿಯ ಮೇಲಿನ ಸೋಲಾರ್ ಬಿಸಿಲಿದ್ದಷ್ಟು ದಿನ ಪುಕ್ಕಟೆ. ಜುಲೈ ಮೋಡಕ್ಕೆ ಕೈ ಕೊಡುತ್ತದೆ. ಆಗ 15 ಲೀಟರ್ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಜಾಸ್ತಿ ತಿನ್ನುತ್ತದೆ. ಇಬ್ಬರೇ ಇರುವ ಮನೆಗೆ ಅಷ್ಟು ಸಾಕು. ಗ್ಯಾಸ್ ಗೀಸರ್ ಮಾತ್ರ ಬಚ್ಚಲೊಳಗೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದರ ವಿಷಾನಿಲಕ್ಕೆ ಜೀವ ಹೋಗುತ್ತದೆ. ಹೊರಗೆ ಯುಟಿಲಿಟಿಯಲ್ಲೇ ಇರಲಿ.

"ಎ.ಸಿ. ಬಿಸಿಯನ್ನ ಹೊರಗೆ ಚೆಲ್ಲುತ್ತೆ, ಗೀಸರ್ ಬಿಸಿಗೆ ದುಡ್ಡು ಕೇಳುತ್ತೆ. ಎರಡನ್ನೂ ಸೇರಿಸಿದರೆ?" ಮೇಷ್ಟ್ರ ತಲೆ ಓಡಿತು.

"ದೊಡ್ಡ ಹೋಟೆಲುಗಳಲ್ಲಿ ಹಾಗೇ ಮಾಡ್ತಾರೆ. ನಿಮ್ಮ ಎರಡು ಬಕೆಟ್ಟಿಗೆ ಪ್ಲಂಬರ್ ಖರ್ಚೇ ಜಾಸ್ತಿ. ಬದಲಿಗೆ ಚೆಸ್ಕಾಂ ಬಿಲ್ಲಿನಲ್ಲಿ ಸ್ಯಾಂಕ್ಷನ್ ಲೋಡ್ ಎಷ್ಟಿದೆ ನೋಡಿ. ಎರಡು ಕಿಲೋವಾಟ್ ಇದ್ದರೆ ಎ.ಸಿ. ಮತ್ತು ಗೀಸರ್ ಒಟ್ಟಿಗೆ ತಾಳಲ್ಲ, ಹೆಚ್ಚಿಸಿಕೊಳ್ಳಿ. ಎ.ಸಿ.ಗೆ ಮೀಟರ್ ಬೋರ್ಡಿನಿಂದ ಬೇರೆ ವೈರು, ಬೇರೆ ಎಂ.ಸಿ.ಬಿ., ಸರಿಯಾದ ಅರ್ಥಿಂಗ್. ಮತ್ತೆ ಔಟ್‌ಡೋರ್ ಯೂನಿಟ್ ರಸ್ತೆ ಕಡೆ ಗೋಡೆಗೆ ಹಾಕಿಸಿ. ಈ ಕಡೆ ಗೋಡೆಗೆ ಬೇಡ."

"ಯಾಕೆ? ಈ ಕಡೆ ಪೈಪು ಹತ್ತಿರ ಆಗುತ್ತಲ್ಲ."

"ರೂಮಿನ ಶಾಖ, ಅದರ ಮೇಲೆ ಯಂತ್ರ ತಿಂದ ಕರೆಂಟಿನ ಶಾಖ, ಎರಡೂ ಸೇರಿ ಬೀಸೋದು ಎದುರಿನ ಕಿಟಕಿಗೆ. ಎದುರಿನ ಕಿಟಕಿ ನಮ್ಮ ಬೆಡ್‌ರೂಮಿಂದು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಮ್ಮ ಕಿಟಕಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಅಂದರೆ ರಾಯರೇ, ತಾರಸಿಗೆ ಸುಣ್ಣ ಬಳಿಸಿ, ತಟ್ಟಿ ಕಟ್ಟಿಸಿ ಅಂತ ಬೆಳಗ್ಗಿಂದ ನನಗೆ ಹೇಳಿದ್ದು..."

"ನಿಮ್ಮ ಬಿಲ್ಲೂ ಕಮ್ಮಿ, ನಮ್ಮ ಸೆಕೆಯೂ ಕಮ್ಮಿ."

"ಹಾಗಿದ್ದರೆ ಸುಣ್ಣದ ಖರ್ಚು ಅರ್ಧರ್ಧ," ಅಂದರು ಲೆಕ್ಕದ ಮೇಷ್ಟ್ರು.