ದೀಪಾಭಾವ ಮೀಮಾಂಸೆ: ಬೆಂಗಳೂರಿನ ಬೀದಿಗಂಬದ ಒಂದು ತಾತ್ತ್ವಿಕ ಪರಾಮರ್ಶೆ

ಕತ್ತಲೆ ಒಂದು ದ್ರವ್ಯವೋ ಅಥವಾ ಬರೀ ಬೆಳಕಿನ ಅಭಾವವೋ ಎಂದು ಭಾಟ್ಟ ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ಜಗಳವಾಡಿದರು. ಅದಕ್ಕೆ ಕಪ್ಪು ಬಣ್ಣವಿದೆ, ಚಲನೆಯಿದೆ, ಆದ್ದರಿಂದ ದ್ರವ್ಯವೇ ಎಂದು ಭಾಟ್ಟರು. ಬೆಳಕಿಲ್ಲದಿರುವುದಕ್ಕೇ ಕತ್ತಲೆಯೆಂದು ಹೆಸರು ಎಂದು ನೈಯಾಯಿಕರು. ಇಬ್ಬರನ್ನೂ ಬೆಂಗಳೂರಿನ ಯಾವುದಾದರೂ ಅಡ್ಡರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ನಿಲ್ಲಿಸಿದ್ದರೆ ಮೊಕದ್ದಮೆ ಅಲ್ಲೇ ಇತ್ಯರ್ಥವಾಗುತ್ತಿತ್ತು. ಇಲ್ಲಿ ಕತ್ತಲೆಗೆ ಟೆಂಡರ್ ಇದೆ, ಬಿಲ್ ಇದೆ, ವಾರ್ಷಿಕ ನಿರ್ವಹಣಾ ವೆಚ್ಚವಿದೆ. ಇಷ್ಟೆಲ್ಲ ಇರುವುದು ದ್ರವ್ಯವಲ್ಲದೆ ಮತ್ತೇನು?

ಆದರೂ ಶಾಸ್ತ್ರಮರ್ಯಾದೆ ಮೀರಬಾರದು. ಪ್ರಸ್ತುತ ಪರಿಪ್ರೇಕ್ಷ್ಯದಲ್ಲಿ, ಬಹುಸ್ತರೀಯ ನಾಗರಿಕ ಸಂಕಥನದ ಸೈದ್ಧಾಂತಿಕ ಚೌಕಟ್ಟಿನೊಳಗೆ, ದೀಪಾಭಾವವನ್ನು ನಾಲ್ಕು ವಿಧವಾಗಿ ವಿಂಗಡಿಸಲಾಗಿದೆ.

ಒಂದು, ಪ್ರಾಗಭಾವ. ಹೊಸ ಬಡಾವಣೆಯಲ್ಲಿ ಕಂಬ ನೆಟ್ಟಿರುತ್ತಾರೆ, ಕಂಬ ಕೈಯನ್ನೂ ಚಾಚಿಕೊಂಡಿರುತ್ತದೆ, ದೀಪ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ಆ ಅಂತ್ಯ ಚುನಾವಣೆಯ ಹಿಂದಿನ ವಾರ ಬರುತ್ತದೆ.

ಎರಡು, ಪ್ರಧ್ವಂಸಾಭಾವ. ಇದ್ದ ದೀಪ ಹೋಗುವುದು. ಹಳದಿ ಸೋಡಿಯಂ ದೀಪದ ಕಾಲದಲ್ಲಿ ಚೋಕು ಸುಟ್ಟಿದೆ ಎನ್ನುತ್ತಿದ್ದರು, ಬಿಳಿ ಎಲ್‌ಇಡಿ ಬಂದ ಮೇಲೆ ಡ್ರೈವರ್ ಹೋಗಿದೆ ಎನ್ನುತ್ತಾರೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ.

ಮೂರು, ಅತ್ಯಂತಾಭಾವ. ಮೂರು ಕಾಲದಲ್ಲೂ ಇಲ್ಲದ್ದು. ಶಾಸ್ತ್ರಕಾರರು ಮೊಲದ ಕೊಂಬಿನ ಉದಾಹರಣೆ ಕೊಡುತ್ತಾರೆ. ನಾವು ಏಣಿ ಗಾಡಿಯನ್ನು ಕೊಡುತ್ತೇವೆ. ಯಾವ ವಾರ್ಡಿನವರು ಕೇಳಿದರೂ ಅದು ಬೇರೆ ವಾರ್ಡಿಗೆ ಹೋಗಿರುತ್ತದೆ.

ನಾಲ್ಕು, ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಹಾಗೆಯೇ ಕಂಬ, ತಂತಿ ವಿದ್ಯುತ್ ಕಂಪನಿಯವು, ದೀಪ ಪಾಲಿಕೆಯದು, ದೀಪ ಹಾಕುವ ಹುಡುಗ ಗುತ್ತಿಗೆದಾರನ ಕಡೆಯವನು, ದೀಪವನ್ನು ಮುಚ್ಚಿರುವ ಹೊಂಗೆ ಕೊಂಬೆ ಅರಣ್ಯ ಘಟಕದ್ದು. ಪ್ರತಿಯೊಬ್ಬರೂ ಮತ್ತೊಬ್ಬರಲ್ಲ ಎಂಬುದನ್ನು ಪ್ರತಿಯೊಬ್ಬರೂ ಬಲ್ಲರು. 2025ರ ಸೆಪ್ಟೆಂಬರಿನಲ್ಲಿ ನಗರದ ಒಂದು ಪಾಲಿಕೆ ಐದಾಯಿತು. ಗಡಿಯ ರಸ್ತೆಗಳಲ್ಲಿ ಈ ಕ್ಷೇತ್ರದ ಸಂಶೋಧನೆಗೆ ವಿಪುಲ ಅವಕಾಶವಿದೆ.

ಇನ್ನು ದೋಷ ವಿಚಾರ. ದೂರು ಕೊಡಲು ಕಂಬದ ನಂಬರ್ ಬೇಕು. ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಓದಲು ಬೆಳಕು ಬೇಕು. ಬೆಳಕು ಬರಲು ದೂರು ಕೊಡಬೇಕು. ಇದನ್ನು ತರ್ಕಶಾಸ್ತ್ರ ಚಕ್ರಕ ದೋಷವೆನ್ನುತ್ತದೆ. ಹಗಲಲ್ಲೇ ಓದಿಕೊಳ್ಳಬಾರದೇ ಎಂಬ ಪೂರ್ವಪಕ್ಷಕ್ಕೆ ಸಮಾಧಾನ: ಆ ನಂಬರಿನ ಮೇಲೆ ಪಿಜಿಯ ಜಾಹೀರಾತು ಅಂಟಿಸಿರುತ್ತದೆ.

ಪ್ರಮಾಣ ವಿಚಾರದಲ್ಲಿ ಮೊದಲು ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಬೀದಿದೀಪದ ಬಿಲ್ಲು ದಪ್ಪಗಿದೆ, ದೀಪ ರಾತ್ರಿ ಉರಿಯುವುದಿಲ್ಲ. ಆದ್ದರಿಂದ ಹಗಲು ಉರಿಯುತ್ತಿರಲೇಬೇಕು. ಮಟಮಟ ಮಧ್ಯಾಹ್ನ ಪಕ್ಕದ ಬೀದಿಗೆ ಹೋಗಿ ನೋಡಿ, ಸಾಲಿಗೆ ಸಾಲೇ ಉರಿಯುತ್ತಿರುತ್ತದೆ. ಕಾರಣ ಸರಳ. ಮೂರು ಫೇಸು, ಒಂದು ನ್ಯೂಟ್ರಲ್ ಜತೆಗೆ ಬೀದಿದೀಪಕ್ಕೆಂದೇ ಐದನೇ ತಂತಿಯೊಂದು ಕಂಬದಿಂದ ಕಂಬಕ್ಕೆ ಹೋಗಿರುತ್ತದೆ. ಅದನ್ನು ಸಂಜೆ ಹೊತ್ತಿಸಿ ಬೆಳಗ್ಗೆ ಆರಿಸಬೇಕಾದ ಟೈಮರ್ ಕೆಟ್ಟಾಗ ರಿಪೇರಿ ಮಾಡುವ ಗೋಜಿಗೆ ಹೋಗದೆ ‘ಡೈರೆಕ್ಟ್’ ಕೊಟ್ಟುಬಿಡುತ್ತಾರೆ.

ಪ್ರತ್ಯಕ್ಷಕ್ಕಿಂತ ಶಬ್ದ ದೊಡ್ಡದು. ಕಣ್ಣಿಗೆ ಕತ್ತಲೆ ಕಾಣುತ್ತಿರುವಾಗಲೇ ಮೊಬೈಲಿಗೆ ಬರುತ್ತದೆ: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಈ ವಾಕ್ಯ ಅಪೌರುಷೇಯ. ಬರೆದ ಪುರುಷನಿಲ್ಲ, ಸಹಿಯಿಲ್ಲ, ತಿರುಗಿ ಉತ್ತರ ಬರೆದರೆ ತಲುಪುವುದಿಲ್ಲ. ಆದ್ದರಿಂದಲೇ ಅದು ಸ್ವತಃಪ್ರಮಾಣ. ಮತ್ತೆ ದೂರು ಕೊಟ್ಟರೆ ಹೊಸ ನಂಬರ್ ಹುಟ್ಟಿ, ಕಿರಿಯರಿಂದ ಹಿರಿಯರಿಗೆ, ಹಿರಿಯರಿಂದ ಕಿರಿಯರಿಗೆ ‘ಸೂಕ್ತ ಕ್ರಮಕ್ಕಾಗಿ’ ರವಾನೆಯಾಗುತ್ತದೆ. ಇದು ಅನವಸ್ಥಾ ದೋಷ.

ಅನುಮಾನ, ಉಪಮಾನ, ಅನುಪಲಬ್ಧಿ ಎಂದು ಇನ್ನೂ ಮೂರು ಪ್ರಮಾಣ ಉಳಿದಿವೆ. ಉಳಿಯಲಿ. ಸಾಕಾಯಿತು.

ಯಾಕೆಂದರೆ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಿಂದ ಓಟಿ ಮುಗಿಸಿ ಬರುವ ಹೆಂಗಸರಿಗೆ ಯಾವ ಅಭಾವವೂ ತಿಳಿಯಬೇಕಾಗಿಲ್ಲ. ಬಸ್‌ಸ್ಟಾಪಿನಿಂದ ಮನೆಗೆ ಇರುವ ಅಷ್ಟು ದೂರ ಒಂದು ಕೈಯಲ್ಲಿ ಟಿಫನ್ ಬ್ಯಾಗು, ಇನ್ನೊಂದರಲ್ಲಿ ಮೊಬೈಲ್ ಟಾರ್ಚು ಹಿಡಿದು, ಹಿಂದೆ ಬರುತ್ತಿರುವ ಹೆಜ್ಜೆ ಯಾರದೆಂದು ಲೆಕ್ಕ ಹಾಕುತ್ತಾ ನಡೆಯುತ್ತಾರೆ. ಬೆಳಗಿನ ಜಾವ ಪೊರಕೆ ಹಿಡಿದು ಬರುವ ಪೌರಕಾರ್ಮಿಕರು ಚರಂಡಿಯ ಮೇಲಿನ ಚಪ್ಪಡಿ ಎಲ್ಲಿ ಮುಗಿಯಿತೆಂದು ಕಾಲಿನಿಂದ ತಡವಿ ತಿಳಿಯುತ್ತಾರೆ. ಅವರು ಗುಡಿಸಬೇಕಾದ ಬೀದಿಯನ್ನು ಅವರಿಗೆ ತೋರಿಸುವಷ್ಟು ಸೌಜನ್ಯವೂ ಈ ನಗರಕ್ಕಿಲ್ಲ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಮಾರನೆಯ ದಿನವೇ ದೀಪ ಬರುತ್ತದೆ. ಹಾಗಾದರೆ ಹಿಂದಿನ ದಿನ ಏನು ಕೊರತೆಯಿತ್ತು? ಹಣವೇ? ಗಾಡಿಯೇ? ನಾಚಿಕೆಯೇ?

ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಏಷ್ಯಾದಲ್ಲೇ ಮೊದಲು ಎಂದು ನಾವು ಇವತ್ತಿಗೂ ಭಾಷಣ ಬಿಗಿಯುತ್ತೇವೆ. ಸಂವಿಧಾನದ 12ನೇ ಅನುಸೂಚಿಯಲ್ಲಿ 17ನೇ ನಮೂದಿನಲ್ಲಿ ಬೀದಿದೀಪವಿದೆ. ದೇಶದ ಸಂವಿಧಾನವೇ ಹೆಸರಿಟ್ಟು ಕರೆದ ದೀಪ ಅದು. ಭಾರತೀಯ ಮಾನಕ ಐಎಸ್ 1944 ಸಣ್ಣ ಬೀದಿಗೆ ಕೇಳುವುದು ಸರಾಸರಿ 4 ಲಕ್ಸ್ ಬೆಳಕು. ಹುಣ್ಣಿಮೆಯ ಚಂದ್ರ 1 ಲಕ್ಸನ್ನೂ ಕೊಡಲಾರ, ಆದರೆ ಅವನು ತಿಂಗಳಿಗೊಮ್ಮೆಯಾದರೂ ತಪ್ಪದೆ ಡ್ಯೂಟಿಗೆ ಬರುತ್ತಾನೆ.

ಸಿದ್ಧಾಂತ ಇಷ್ಟೇ, ಇದಕ್ಕೆ ಸಂಸ್ಕೃತ ಬೇಡ. ದೂರು ಮುಚ್ಚುವ ಅಧಿಕಾರವನ್ನು ಕಚೇರಿಯ ಕೈಯಿಂದ ಕಿತ್ತು ದೂರು ಕೊಟ್ಟವರ ಕೈಗೆ ಕೊಡಿ. ಕಂಬದ ಕೆಳಗೆ ನಿಂತವರು ‘ಹ್ಞೂಂ, ಉರೀತಿದೆ’ ಅಂದ ಮೇಲೆ ಮುಚ್ಚಿ. ಅವರು ಹೇಳುವವರೆಗೆ ಅದು ಬಾಕಿಯೆಂದೇ ಇರಲಿ, ಗುತ್ತಿಗೆದಾರನ ಬಿಲ್ಲೂ ಅದರ ಜತೆಗೇ ಬಾಕಿಯಿರಲಿ.