ಅಗತ್ಯೇತರ ಸರಕು ಮೀಮಾಂಸೆ: ನಾಗನೂರ ನೆಲೆಯಲ್ಲಿ ಒಂದು ಬಹುಶಿಸ್ತೀಯ ಪ್ರವೇಶಿಕೆ

1. ಕ್ಷೇತ್ರ, ವ್ಯಾಪ್ತಿ, ಮಿತಿ

ಪ್ರಸ್ತುತ ಪ್ರಬಂಧವು ಸಾಂಕ್ರಾಮಿಕ ಕಾಲಘಟ್ಟದ ನಿರ್ಬಂಧಿತ ಮಾರುಕಟ್ಟೆಯಲ್ಲಿ ಅಗತ್ಯೇತರ ಸರಕಿನ ಕ್ರಯವಿಕ್ರಯವೆಂಬ ಸಾಮಾಜಿಕ ಕ್ರಿಯೆಯನ್ನು ಬಹುಶಿಸ್ತೀಯ ನೆಲೆಯಲ್ಲಿ, ತಳಸ್ಪರ್ಶಿಯಾಗಿ, ಆದರೆ ಆರು ಅಡಿ ಅಂತರ ಕಾಯ್ದುಕೊಂಡು ಪರಾಮರ್ಶಿಸಲು ಯತ್ನಿಸುತ್ತದೆ. ಸರಳವಾಗಿ ಹೇಳುವುದಾದರೆ, ಲಾಕ್‌ಡೌನಿನಲ್ಲಿ ಜನ ಬಳೆ, ಚಪ್ಪಲಿ, ಸೀರೆ ಹೇಗೆ ಕೊಂಡರು ಎಂಬುದು. ಸರಳವಾಗಿ ಹೇಳಿದರೆ ಸಂಶೋಧನೆ ಅನ್ನಿಸುವುದಿಲ್ಲವಾದ್ದರಿಂದ ಇನ್ನು ಮುಂದೆ ಹಾಗೆ ಹೇಳಲಾಗುವುದಿಲ್ಲ.

ಅಧ್ಯಯನದ ಕ್ಷೇತ್ರ ನಾಗನೂರ. ಮೊದಲ ಸೈದ್ಧಾಂತಿಕ ತೊಡಕು ಇಲ್ಲೇ ಇದೆ. ಬೆಳಗಾವಿ ಜಿಲ್ಲೆಯಲ್ಲಿ ಈ ಹೆಸರಿನ ಊರು ಒಂದೇ ಇಲ್ಲ. ಮೂಡಲಗಿಯದೊಂದು, ಅದು ಮೊದಲು ಗೋಕಾಕ ತಾಲೂಕಿನದು. ಹುಕ್ಕೇರಿ ಕಡೆಯದು ಬೇರೆ. "ಎಲ್ಲಿಗೆ ಹೊಂಟೀರಿ?" ಎಂದು ಚೆಕ್‌ಪೋಸ್ಟಿನಲ್ಲಿ ಕೇಳಿದಾಗ "ನಾಗನೂರಕ್ರೀ" ಎಂದರೆ, "ಯಾವ ನಾಗನೂರ?" ಎಂಬ ಮರುಪ್ರಶ್ನೆ ತಯಾರಿರುತ್ತಿತ್ತು. ಕ್ಷೇತ್ರ ನಿರೂಪಣೆಯ ಪ್ರಶ್ನೆ ಇಷ್ಟು ಖಡಕ್ಕಾಗಿ ಯಾವ ಮೌಖಿಕ ಪರೀಕ್ಷೆಯಲ್ಲೂ ಕೇಳಿಬಂದಿಲ್ಲ. ಅಲ್ಲಿ ತಪ್ಪು ಉತ್ತರಕ್ಕೆ ಬಸ್ಕಿ ಹೊಡೆಸುವ ಪದ್ಧತಿಯೂ ಇಲ್ಲ.

ದತ್ತಾಂಶ ಸಂಗ್ರಹಕ್ಕೆ ಅರ್ಧ-ಶಟರ್ ವೀಕ್ಷಣಾ ವಿಧಾನವನ್ನು ಅನುಸರಿಸಲಾಗಿದೆ. ಇದರಲ್ಲಿ ಸಂಶೋಧಕ ಸೊಂಟದವರೆಗೆ ಬಾಗಬೇಕು. ಪಿಎಚ್‌.ಡಿ. ಮಾಡಿದವರಿಗೆ ಬಾಗುವುದು ರೂಢಿಯೇ ಆಗಿರುವುದರಿಂದ ವಿಶೇಷ ತರಬೇತಿ ಬೇಕಾಗಲಿಲ್ಲ.

ಪ್ರೇರಣೆಯನ್ನೂ ದಾಖಲಿಸುವುದು ಸಂಶೋಧನಾ ಶಿಷ್ಟಾಚಾರ. 2020ರ ಬೇಸಿಗೆಯಲ್ಲಿ ಕಾಲೇಜುಗಳಿಗೆ ವೆಬಿನಾರ್ ಎಂಬ ಇನ್ನೊಂದು ಸೋಂಕು ತಗುಲಿತ್ತು. ಸಂಬಳವಿಲ್ಲದೆ ಕುಳಿತ ಅತಿಥಿ ಉಪನ್ಯಾಸಕರೆಲ್ಲ ಒಂದು ಇ-ಪ್ರಮಾಣಪತ್ರದ ಆಸೆಗೆ ಮೊಬೈಲ್ ಡೇಟಾ ಸುಟ್ಟು, ಸಂಕಥನ, ಅನನ್ಯತೆ, ಯಜಮಾನಿಕೆ, ಪ್ರತಿರೋಧದ ನೆಲೆಗಳು ಎಂಬವನ್ನು ಕೇಳಿಸಿಕೊಂಡರು. ಅಂಥ ಒಂದರಲ್ಲಿ ಮುಖ್ಯ ಭಾಷಣಕಾರರು ಪುಸ್ತಕದ ಕಪಾಟನ್ನು ಬೆನ್ನಿಗಿಟ್ಟುಕೊಂಡು, ಅಗತ್ಯವಿಲ್ಲದ್ದನ್ನು ಬಿಟ್ಟು ಬದುಕುವ ಪಾಠವನ್ನು ಈ ಕಾಲ ನಮಗೆಲ್ಲ ಕಲಿಸಿತು ಎಂದು ಅಪ್ಪಣೆ ಕೊಡಿಸಿದರು. ನಮ್ಮ ಓಣಿಯ ಬಳೆ ಅಂಗಡಿಯವನಿಗೆ ಆಗ ವ್ಯಾಪಾರವೇ ಇರಲಿಲ್ಲ. ಆತ ಏನನ್ನು ಬಿಟ್ಟು ಬದುಕಬೇಕೆಂದು ಚಾಟ್ ಪೆಟ್ಟಿಗೆಯಲ್ಲಿ ಕೇಳಿದೆ. ಸಮಯದ ಅಭಾವವಿದೆಯೆಂದು ನಿರೂಪಕರು ವಂದನಾರ್ಪಣೆಗೆ ಹಾರಿದರು. ಈ ಪ್ರಬಂಧ ಹುಟ್ಟಿದ್ದು ಆ ವಂದನಾರ್ಪಣೆಯ ಹೊಟ್ಟೆಯಲ್ಲಿ.

2. ಆಕರಗಳು: ಸೂತ್ರ, ಭಾಷ್ಯ, ಖಂಡನೆ

ಈ ಶಾಸ್ತ್ರದ ಮೂಲಸೂತ್ರ ಪ್ರಕಟವಾದದ್ದು 2020ರ ಮಾರ್ಚ್ 24ರಂದು. ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದ ಜಾರಿ, 21 ದಿನದ ಅವಧಿ. ಮರುದಿನ ಯುಗಾದಿ. ಬೆಲ್ಲ ಕಿರಾಣಿಯಲ್ಲಿ ಬರುವುದರಿಂದ ಕಾನೂನುಬದ್ಧ. ಬೇವು ಗಿಡದಲ್ಲೇ ಇತ್ತು. ಹೊಸ ಅಂಗಿಗಳು ಮಾತ್ರ ಗುಂಡಿ ಹಚ್ಚಿಸಿಕೊಳ್ಳುವುದೊಂದು ಬಾಕಿಯಿದ್ದಂತೆ ಟೇಲರ್ ಅಂಗಡಿಯೊಳಗೆ ಬಂದಿಯಾದವು.

ರೇಷನ್ ಅಂಗಡಿ, ಕಿರಾಣಿ, ಹಣ್ಣು, ಕಾಯಿಪಲ್ಯೆ, ಹಾಲು, ಮಾಂಸ, ಮೀನು, ದನದ ಮೇವು, ಇಷ್ಟಕ್ಕೆ ಸೂತ್ರದಲ್ಲಿ ವಿನಾಯಿತಿ ಇತ್ತು. ಸೂತ್ರವೆಂದ ಮೇಲೆ ಭಾಷ್ಯ ಬೇಕು. ಮಾರ್ಚ್ 29ರಂದು ಕೇಂದ್ರ ಗೃಹ ಕಾರ್ಯದರ್ಶಿಯ ಪತ್ರ ಬಂತು. ಕಿರಾಣಿ ಅಂದರೆ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ಬ್ಯಾಟರಿ ಸೆಲ್, ಚಾರ್ಜರ್, ಡೈಪರ್, ಸ್ಯಾನಿಟರಿ ಪ್ಯಾಡ್ ಕೂಡ ಎಂದು ಅದು ವ್ಯಾಖ್ಯಾನಿಸಿತು.

ಐದು ದಿನ ಬೇಕಾಯಿತು ಈ ವ್ಯಾಖ್ಯಾನಕ್ಕೆ. ಮೊದಲ ಪಟ್ಟಿ ಬರೆದವರಿಗೆ ದನದ ಮೇವು ನೆನಪಾಯಿತು. ಆಗಬೇಕಾದ್ದೇ, ದನ ಹಸಿದರೆ ಸುಮ್ಮನಿರುವುದಿಲ್ಲ. ಹೆಂಗಸರು ಸುಮ್ಮನಿರುತ್ತಾರೆ ಎಂಬ ಭರವಸೆ ಅವರಿಗೆ ಎಲ್ಲಿಂದ ಬಂತೋ! ಮೇಜಿನ ಸುತ್ತ ಕುಳಿತು ಇಡೀ ದೇಶಕ್ಕೆ ಏನು ಬೇಕು, ಏನು ಬೇಡ ಎಂದು ಬರೆಯುವಾಗ ಒಬ್ಬರಾದರೂ ಮನೆಗೊಂದು ಫೋನ್ ಹಚ್ಚಬಾರದಿತ್ತೆ?

ಕ್ಷಮಿಸಿ. ಸಂಶೋಧಕ ವಸ್ತುನಿಷ್ಠನಾಗಿರತಕ್ಕದ್ದು.

ಮುಂದಿನದು ಖಂಡನೆಯ ಯುಗ. ಏಪ್ರಿಲ್ 20ರಿಂದ ಆನ್‌ಲೈನ್ ಕಂಪನಿಗಳು ಎಲ್ಲ ಸರಕನ್ನೂ ಮಾರಬಹುದೆಂಬ ಅರ್ಥ ಬರುವಂತೆ ಏಪ್ರಿಲ್ 15ರ ಮಾರ್ಗಸೂಚಿ ಹೇಳಿತು. 19ರಂದು ಇನ್ನೊಂದು ಆದೇಶ ಬಂದು, ಅಗತ್ಯ ವಸ್ತು ಮಾತ್ರ ಎಂದಿತು. ಜಾರಿಯಾಗುವ ಮೊದಲೇ ರದ್ದಾದ ಈ ಅನುಮತಿಯನ್ನು ನಮ್ಮ ನ್ಯಾಯಶಾಸ್ತ್ರದ ಪ್ರಾಗಭಾವ ಎಂಬ ಪರಿಕಲ್ಪನೆಯ ಮೂಲಕ ವಿವರಿಸಬಹುದು, ವಿವರಿಸದೆಯೂ ಇರಬಹುದು. ಏಪ್ರಿಲ್ 21ರ ಪತ್ರ ಶಾಲಾ ಪುಸ್ತಕದ ಅಂಗಡಿಗೂ ವಿದ್ಯುತ್ ಫ್ಯಾನಿನ ಅಂಗಡಿಗೂ ಬಾಗಿಲು ತೆರೆಸಿತು. ಏಪ್ರಿಲ್ ತಿಂಗಳಲ್ಲಿ ಸೆಕೆಯಾಗುತ್ತದೆ ಎಂಬ ಜ್ಞಾನ ದೆಹಲಿಗೆ ತಲುಪಿದ್ದರ ಲಿಖಿತ ದಾಖಲೆ ಇದು. ಸೆಕೆಗೆ ಹತ್ತಿಯ ಅಂಗಿಯೂ ಬೇಕೆಂಬುದು 24ರ ರಾತ್ರಿಯ ಆದೇಶದವರೆಗೆ ಕಾಯಿತು. ಆಗ ಹಳ್ಳಿಗಳಲ್ಲಿ ಮಾಲ್ ಬಿಟ್ಟು ನೋಂದಾಯಿತ ಅಂಗಡಿಗಳೆಲ್ಲ ಅರ್ಧ ಕೆಲಸಗಾರರೊಂದಿಗೆ ತೆರೆಯಬಹುದಾಯಿತು. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಯಲ್ಲಿ ಆ ಅರ್ಧ ಯಾರು ಎಂಬುದಕ್ಕೆ ಭಾಷ್ಯ ಬರಲಿಲ್ಲ.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಸಿಗುವುದಿಲ್ಲ. ಆದ್ದರಿಂದ ವೇಲ್ಸ್. 2020ರ ಅಕ್ಟೋಬರ್ ಕೊನೆಗೆ ಅಲ್ಲಿಯ ಸರಕಾರ, ಸೂಪರ್ ಮಾರ್ಕೆಟ್ ತೆರೆದಿರಲಿ, ಅಗತ್ಯವಲ್ಲದ ಸಾಮಾನು ಮಾರುವಂತಿಲ್ಲ ಎಂದಿತು. ಅಂಗಡಿಯವರು ಬಟ್ಟೆಬರೆ, ಹಾಸಿಗೆ ಸಾಮಾನುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪು ಸುತ್ತಿದರು. ಜನ ಹಾಲು ಕೊಂಡು, ಹಾಳೆಯೊಳಗಿನ ಕಾಲುಚೀಲ ನೋಡುತ್ತ ಮನೆಗೆ ಹೋದರು. ಬಿಳಿಯರ ದೇಶದಲ್ಲೂ ಪಟ್ಟಿ ಬರೆಯುವವರು ಪಟ್ಟಿ ಬರೆಯುವವರೇ.

3. ವರ್ಗೀಕರಣ

ಅಗತ್ಯೇತರ ಸರಕುಗಳನ್ನು ಹದಿನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ.

ಪ್ರಥಮ ವರ್ಗ: ಖಜಾನಾವಶ್ಯಕ. ಕೊಳ್ಳುವವನಿಗೆ ಅಗತ್ಯವಿರಲಿ ಇಲ್ಲದಿರಲಿ, ಸರಕಾರಕ್ಕೆ ಅತ್ಯಗತ್ಯವಾದದ್ದು. ಈ ವರ್ಗದಲ್ಲಿ ಸದಸ್ಯ ಒಬ್ಬನೇ. 2020ರ ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿ ತೆರೆದ ಮೊದಲ ದಿನ ಸುಮಾರು 45 ಕೋಟಿ ರೂಪಾಯಿ, ಮರುದಿನ ಸುಮಾರು 197 ಕೋಟಿ ರೂಪಾಯಿ ವಹಿವಾಟು ನಡೆಯಿತು. ಸಾಮಾಜಿಕ ಅಂತರದ ಸುಣ್ಣದ ವೃತ್ತಗಳನ್ನು ಅತಿ ಶ್ರದ್ಧೆಯಿಂದ ಬರೆದದ್ದೂ ಆ ಅಂಗಡಿಗಳ ಮುಂದೆಯೇ. 2021ರ ಎರಡನೆಯ ಅಲೆಯಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಹಾಲು, ಕಾಯಿಪಲ್ಯೆಯ ಸಾಲಿನಲ್ಲಿ ಅದೂ ಪಾರ್ಸಲ್ ಆಗಿ ದೊರೆಯುತ್ತಿತ್ತು. ಕಾಲಿಗೆ ಚಪ್ಪಲಿ ದೊರೆಯುತ್ತಿರಲಿಲ್ಲ.

ದ್ವಿತೀಯ ವರ್ಗ: ವೇಷಾಂತರಿತ. ಮೆಂತ್ಯದ ಸೂಡಿನ ಕೆಳಗೆ ಮದುವೆ ಸೀರೆ. ಹಿಟ್ಟಿನ ಗಿರಣಿಗೆ ಒಯ್ಯುವ ಡಬ್ಬಿಯಲ್ಲಿ ಮಗುವಿನ ಬೂಟು. ಈ ವರ್ಗದ ಸರಕು ಕೊಳ್ಳುವವರಿಗೆ ಕಾಯಿಪಲ್ಯೆಯ ಖರ್ಚು ಹೆಚ್ಚುವರಿ. ನಿತ್ಯ ಮೆಂತ್ಯ ತಿಂದು ಮಕ್ಕಳು ಬೇಸತ್ತದ್ದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ತೃತೀಯ ವರ್ಗ: ಸಂದಿಗ್ಧ. ಗೋಕಾಕದ ಕರದಂಟು ಆಹಾರವೋ, ಸಿಹಿತಿಂಡಿಯೋ, ಬಾಣಂತಿಯ ಔಷಧವೋ? ಅಂಟು, ಒಣ ಕೊಬ್ಬರಿ, ಬೆಲ್ಲ, ಗೋಡಂಬಿ ಬಿಡಿಬಿಡಿಯಾಗಿ ಕಿರಾಣಿ. ಕೂಡಿಸಿ ಪಾಕ ಹಿಡಿದು ತುಂಡು ಮಾಡಿದೊಡನೆ ಯಾವ ಕಲಮಿಗೆ ಸೇರುತ್ತದೆ? ಹಳೆಯ ದಾರ್ಶನಿಕರು ಮಣ್ಣು ಮತ್ತು ಗಡಿಗೆ ಇಟ್ಟುಕೊಂಡು ಇದೇ ವಿಷಯಕ್ಕೆ ಜಗಳಾಡಿದ್ದರು, ಲಾಠಿ ಇಲ್ಲದೆ.

ಉಳಿದ ಹನ್ನೊಂದು ವರ್ಗಗಳನ್ನು ಕೈಬಿಡಲಾಗಿದೆ. ಓದುಗರಿಗೂ ಸಾಕಾಗಿದೆ, ನನಗೂ.

4. ಪ್ರಕರಣ ಅಧ್ಯಯನ: ಹಸಿರು ಬಳೆ

2021ರ ಮೇ ತಿಂಗಳ ಒಂದು ಮುಂಜಾನೆ. ಮೊಣಕಾಲೆತ್ತರಕ್ಕೆ ಎತ್ತಿದ ಶಟರಿನ ಮುಂದೆ ಒಬ್ಬ ಹೆಣ್ಣುಮಗಳು ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಳಗೆ ಕತ್ತಲಲ್ಲಿ ಬಳೆಗಾರ.

"ಕಾಕಾ, ಹಸರ ಬಳಿ ಬೇಕಾಗಿದ್ದುವ್ರಿ. ಮಗಳ ಕುಬಸ ಐತಿ."

"ಯಾವ ಅಳತಿ ಯವ್ವಾ?"

"ನನ್ನ ಕೈಕಿಂತ ಚೂರ ಸಣ್ಣ ಇದ್ದುವ್ರಿ. ಈಗ ಕೈ ಬಾತಾವ."

"ಹಂಗಾದ್ರ ಎರಡು-ಆರು ಒಯ್ಯಿ. ಸಡಲ ಆದ್ರ ಚಿಂತಿಲ್ಲ, ಬಿಗಿ ಆಗಬಾರದು."

ಬಳೆಗಾರ ಅಂದರೆ ಕೈಹಿಡಿದು, ಹೆಬ್ಬೆರಳ ಬುಡ ಒತ್ತಿ, ಮುಷ್ಟಿ ಸಣ್ಣ ಮಾಡಿ, ಮಾತಾಡಿಸುತ್ತಲೇ ಬಳೆ ಏರಿಸುವವ. ಆ ಕೈಚಳಕವೇ ಅವನ ವಿದ್ಯೆ. ಈಗ ಶಟರಿನ ಸಂದಿಯಿಂದ ತಾಯಿಯ ಬಾಯಿಮಾತಿನ ಮೇಲೆ ಬಸುರಿ ಮಗಳ ಕೈಯನ್ನು ಅಂದಾಜು ಮಾಡುತ್ತಿದ್ದ. ಡಜನ್ನುಗಳನ್ನು ಎಣಿಸಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟುವಷ್ಟರಲ್ಲಿ ಓಣಿಯ ತುದಿಗೆ ಮೋಟರ್‌ಸೈಕಲ್ ಸದ್ದು. ಆಕೆ ಗಬಕ್ಕನೆ ಒಳಗೆ ತೂರಿದಳು, ಶಟರ್ ಕೆಳಗೆ ಬಂತು. ಗಾಡಿ ದಾಟಿಹೋಯಿತು, ಅದು ಹಾಲಿನವನದು.

ಸದರಿ ಪ್ರಕರಣದಲ್ಲಿ ಗಮನಿಸಬೇಕಾದ ಅಂಶವೆಂದರೆ, ಏಳನೆಯ ತಿಂಗಳು ಅನ್‌ಲಾಕ್ ಆಗುವವರೆಗೆ ಕಾಯುವುದಿಲ್ಲ. ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ ಇಲ್ಲದಿದ್ದರೆ ನಡೆಯುವುದಿಲ್ಲವೇ? ನಡೆಯುತ್ತದೆ. ಮಗು ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ ಎಂಬ ಸುದ್ದಿ ದಿನಬೆಳಗಾದರೆ ಕೇಳುತ್ತಿದ್ದ ಆ ತಿಂಗಳಲ್ಲಿ, ಬಸುರಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಏನೂ ಕೆಟ್ಟದ್ದಾಗುವುದಿಲ್ಲ ಎಂದು ಹೇಳಲು ಆ ತಾಯಿಯ ಹತ್ತಿರ ಬೇರೆ ಏನಿತ್ತು?

5. ಚರ್ಚೆ

ಅಂಗಡಿ ಮುಚ್ಚಿಸಿದ್ದೇ ತಪ್ಪು ಎಂದು ಈ ಪ್ರಬಂಧ ವಾದಿಸುವುದಿಲ್ಲ. ರೋಗ ಸುಳ್ಳಲ್ಲ. ಬೆಳಗಾವಿಯ ಸಂಸದರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರಿನಲ್ಲಿ ಕೊರೋನಾದಿಂದಲೇ ತೀರಿಕೊಂಡರು. ಆ ಸ್ಥಾನಕ್ಕೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ಕ್ಕೆ. ಗೋಕಾಕ, ಮೂಡಲಗಿ ಭಾಗವೆಲ್ಲ ಆ ಕ್ಷೇತ್ರದಲ್ಲೇ ಬರುತ್ತದೆ. ರೋಗ ತೆರವು ಮಾಡಿದ ಕುರ್ಚಿಗೆ ರೋಗದ ನಡುವೆ ಸಭೆ, ಮೆರವಣಿಗೆ, ಧ್ವನಿವರ್ಧಕ. ಮತದಾನ ಮುಗಿದ ಐದನೆಯ ದಿನ, ಏಪ್ರಿಲ್ 22ರ ಮಧ್ಯಾಹ್ನ, ಅಗತ್ಯೇತರ ಅಂಗಡಿಗಳನ್ನು ಪೊಲೀಸರು ಒಮ್ಮೆಲೇ ಮುಚ್ಚಿಸಿದರು. ಸೀರೆ ತೋರಿಸುತ್ತ ನಿಂತವರಿಗೆ ಮಡಚಿಡಲೂ ಪುರಸೊತ್ತು ಸಿಗಲಿಲ್ಲ. ಭಾಷಣ ಯಾವ ಪಟ್ಟಿಯಲ್ಲಿತ್ತು ಸ್ವಾಮಿ? ಜೀವನಾವಶ್ಯಕವೇ?

ಬಸವ ಜಯಂತಿ, ಅಕ್ಷಯ ತದಿಗೆ, ರಂಜಾನ್ ಹಬ್ಬ ಮೂರೂ ಆ ವರ್ಷ ಮೇ 14ರಂದು ಕೂಡಿ ಬಂದವು. ಜವಳಿಯವರಿಗೆ ವರ್ಷದ ದೊಡ್ಡ ದುಡಿಮೆ ಆ ಹಂಗಾಮಿನದು. 2020ರದೂ ಹೋಗಿತ್ತು, ಇದೂ ಹೋಯಿತು. ಜೂನ್ 14ಕ್ಕೆ ಬೇರೆ ಜಿಲ್ಲೆಗಳಲ್ಲಿ ಬಿಗಿ ಸಡಿಲಿಸಿದಾಗಲೂ ಬೆಳಗಾವಿಯೂ ಸೇರಿ 11 ಜಿಲ್ಲೆಗಳಿಗೆ ಇನ್ನೊಂದು ವಾರ ಬೀಗ.

ಪರಿಹಾರದ ಪಟ್ಟಿಯೂ ಒಂದು ಪಟ್ಟಿಯೇ. ರಾಜ್ಯ ಸರಕಾರದ 2020ರ ಮೇ ತಿಂಗಳ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೊ ಚಾಲಕರಿಗೆ ತಲಾ 5,000 ರೂಪಾಯಿ ಬರೆದಿತ್ತು. ಬರೆದದ್ದು ಒಳ್ಳೆಯದೇ. ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚುವ ಹುಡುಗ ಅದರಲ್ಲಿ ಇರಲಿಲ್ಲ, ಬಳೆಗಾರ ಇರಲಿಲ್ಲ. ಬ್ಯಾಂಕುಗಳು ಕಂತನ್ನು ಮುಂದೂಡಿದವು, ಬಡ್ಡಿಯನ್ನು ಮುಂದೂಡಲಿಲ್ಲ. ಗೋಕಾಕದ ಅಂಗಡಿಕಾರರಂತೂ 2019ರ ಆಗಸ್ಟಿನ ಘಟಪ್ರಭೆಯ ಪ್ರವಾಹದಲ್ಲಿ ನೆನೆದ ಮಾಲಿನ ಸಾಲವನ್ನೇ ಇನ್ನೂ ತೀರಿಸುತ್ತಿದ್ದರು. 2021ರ ಜುಲೈನಲ್ಲಿ, ಬಾಗಿಲು ತೆರೆದು ತಿಂಗಳಾಗುವಷ್ಟರಲ್ಲಿ, ಹೊಳೆ ಮತ್ತೆ ಬಂತು. ಲೋಳಸೂರ ಸೇತುವೆ ಮುಳುಗಿತು. ಗಂಟುಗಳನ್ನು ಹೊತ್ತು ಅಟ್ಟಕ್ಕೆ ಏರಿಸುವ ಕೆಲಸ ಅವರಿಗೆ ಬಾಯಿಪಾಠವಾಗಿಹೋಗಿದೆ.

ಸಮೀಕ್ಷೆಯ ಪ್ರಶ್ನಾವಳಿ ಹಿಡಿದು ಒಂದು ಜವಳಿ ಅಂಗಡಿಗೆ ಹೋಗಿದ್ದೆ. ಮೊದಲ ಪ್ರಶ್ನೆ, "ಅಗತ್ಯೇತರ ಸರಕಿನ ವ್ಯಾಪಾರಿಯಾಗಿ ತಮ್ಮ ಅನುಭವವನ್ನು ಒಂದರಿಂದ ಐದರ ಮಾಪಕದಲ್ಲಿ ಸೂಚಿಸಿ." ಮಾಲಕರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿ ಗಲ್ಲಾದ ಮೇಲಿಟ್ಟರು.

"ಸರ, ಮುಂಜಾನಿಂದ ಬೋಣಿ ಆಗಿಲ್ಲ. ಒಂದ ಟವಲ್ ತಗೊರಿ, ಆಮ್ಯಾಲ ಬೇಕಾದಷ್ಟ ಕೇಳ್ರಿ."

ಎರಡು ತಗೊಂಡೆ. ಪ್ರಶ್ನಾವಳಿಯ ಉಳಿದ ಕಾಲಂಗಳು ಖಾಲಿ ಇವೆ.